ಒಂದು ಜೋಡಿ ಇಯರ್‌ಫೋನು, ಇಬ್ಬರು ಹುಡುಗಿಯರು: ಅವರು ಕೇಳುತ್ತಿರುವುದೇನು?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಅರಿವು ಕೇಂದ್ರದ, ಅಂದರೆ ಊರಿನ ಗ್ರಂಥಾಲಯದ, ಮೇಲ್ವಿಚಾರಕಿ. ಸಂಜೆಯ ಬಸ್ಸು ಬರುವವರೆಗೆ ಹೈಸ್ಕೂಲು, ಪಿಯುಸಿ ಮಕ್ಕಳು ನಮ್ಮಲ್ಲಿ ಕುಳಿತಿರುತ್ತಾರೆ. ಕೆಲವು ತಿಂಗಳಿಂದ ಐದು ಹುಡುಗಿಯರು, ಇಬ್ಬರು ಹುಡುಗರು ಕೇಂದ್ರದ ಕಂಪ್ಯೂಟರಿನಲ್ಲಿ ಚಾಪೆಲ್ ರೋನ್ ಎಂಬ ಅಮೆರಿಕದ ಗಾಯಕಿಯ ಒಂದೇ ಆಲ್ಬಮ್ ಕೇಳುತ್ತಿದ್ದಾರೆ. ಒಂದೇ ಇಯರ್‌ಫೋನಿನ ಎರಡು ತುದಿ ಇಬ್ಬರ ಕಿವಿಯಲ್ಲಿ. ಒಂದು ಹಾಡು ಬಂದಾಗ ಎಲ್ಲರೂ ಸದ್ದಿಲ್ಲದೆ ಕೈ ಎತ್ತಿ ಇಂಗ್ಲಿಷ್ ಅಕ್ಷರಗಳ ಆಕಾರ ಮಾಡುತ್ತಾರೆ. ಆಕೆ ‘ಕ್ವಿಯರ್’ ಗಾಯಕಿ, ಇದನ್ನೆಲ್ಲ ಲೈಬ್ರರಿಯಲ್ಲಿ ಏಕೆ ಬಿಟ್ಟಿದ್ದೀರಿ ಎಂದು ಮೊನ್ನೆ ಒಬ್ಬ ಪೋಷಕರು ಬಂದು ಕೇಳಿದರು. ಆ ಹಾಡುಗಳಲ್ಲಿ ಅಂಥದ್ದೇನಿದೆ? ನಿಲ್ಲಿಸಬೇಕೆ? ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಬೇಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅವಸರದ್ದು ಅದೊಂದೇ. ವಿಚಾರಿಸಬೇಡಿ. ಒಬ್ಬೊಬ್ಬರನ್ನಾಗಿ ಕರೆದಂತೂ ಬೇಡವೇ ಬೇಡ. ಉಳಿದ ಎರಡು ಪ್ರಶ್ನೆಗಳಿಗೆ ಸಾವಧಾನವಾಗಿ ಬರೋಣ.

ಮೊದಲು ಆಲ್ಬಮಿನ ವಿಷಯ. ಹಾಸನದ ಕಾಲೇಜೊಂದರ ಲೈಬ್ರರಿಯಲ್ಲಿ ಮೂವತ್ತು ವರ್ಷ ಪುಸ್ತಕದ ಧೂಳು ಕುಡಿದು ನಿವೃತ್ತಳಾದವಳು ನಾನು. ನನ್ನ ಕಿವಿ ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ಪಳಗಿದ್ದು. ತಂಗಿಯ ಮೊಮ್ಮಗಳು ಕಳೆದ ವರ್ಷ ರಜೆಗೆ ಬಂದಾಗ ಇದನ್ನು ಕೇಳಿಸಿದಳು. ಮೊದಲ ಹಾಡಿಗೇ ತಲೆ ನೋಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮೂರನೆಯ ಸಲ ಕೇಳುವಾಗ ಅವಳು ಕೇಳಿಸಬೇಕಾಗಿರಲಿಲ್ಲ, ನಾನೇ ಹಾಕಿಕೊಂಡಿದ್ದೆ.

ಆಲ್ಬಮಿನ ಹೆಸರು ‘ದ ರೈಸ್ ಅಂಡ್ ಫಾಲ್ ಆಫ್ ಎ ಮಿಡ್‌ವೆಸ್ಟ್ ಪ್ರಿನ್ಸೆಸ್’. 2023ರ ಸೆಪ್ಟೆಂಬರ್ 22ರಂದು ಬಂದದ್ದು, ಒಟ್ಟು 14 ಹಾಡು. ಮಿಡ್‌ವೆಸ್ಟ್ ಎಂದರೆ ಅಮೆರಿಕದ ನಡುಭಾಗದ ಸೀಮೆ: ಮೆಕ್ಕೆಜೋಳ ಮತ್ತು ಸೋಯಾ ಹೊಲ, ಚಿಕ್ಕ ಚಿಕ್ಕ ಊರು, ಊರಿಗೆರಡು ಚರ್ಚು. ಆಕೆ 1998ರಲ್ಲಿ ಹುಟ್ಟಿ ಮಿಸೌರಿ ರಾಜ್ಯದ ವಿಲರ್ಡ್ ಎಂಬ ಕೆಲವೇ ಸಾವಿರ ಜನರ ಊರಿನಲ್ಲಿ, ಕಟ್ಟುನಿಟ್ಟಿನ ಕ್ರೈಸ್ತ ವಾತಾವರಣದಲ್ಲಿ ಬೆಳೆದ ಹುಡುಗಿ. ಮನೆಯವರಿಟ್ಟ ಹೆಸರು ಕೇಲಿ ರೋಸ್ ಆಮ್‌ಸ್ಟಟ್ಜ್. ವೇದಿಕೆಯ ಹೆಸರಿನ ‘ಚಾಪೆಲ್’ ತೀರಿಹೋದ ತಾತನ ಮನೆತನದ ಹೆಸರು, ‘ರೋನ್’ ಆ ತಾತನಿಗೆ ಇಷ್ಟವಾಗಿದ್ದ ಹಳೆಯ ಕುದುರೆ ಹಾಡೊಂದರ ಮಾತು. ಊರು ಬಿಟ್ಟು ಓಡಿದ ಹುಡುಗಿ ತಾತನನ್ನು ಹೆಸರಿನಲ್ಲಿ ಕಟ್ಟಿಕೊಂಡು ಓಡಿದ್ದಾಳೆ. ಇಡೀ ಆಲ್ಬಮ್ ಆ ಒಂದು ಸಂಗತಿಯ ಮೇಲೆ ನಿಂತಿದೆ ಎಂದು ನನಗನ್ನಿಸಿದೆ.

ಹದಿನೇಳರ ವಯಸ್ಸಿಗೇ ಒಂದು ದೊಡ್ಡ ಸಂಗೀತ ಕಂಪನಿ ಆಕೆಯೊಡನೆ ಕರಾರು ಮಾಡಿಕೊಂಡಿತು. 2020ರಲ್ಲಿ ‘ಪಿಂಕ್ ಪೋನಿ ಕ್ಲಬ್’ ಎಂಬ ಹಾಡು ಬಂತು. ಅದೇ ವರ್ಷ ಕಂಪನಿ ಕೈಬಿಟ್ಟಿತು. ಕೊರೋನಾ ಕಾಲ. ಆಕೆ ಮಿಸೌರಿಗೆ ವಾಪಸಾಗಿ, ಕಾರಿನಲ್ಲಿ ಬಂದವರಿಗೆ ಕಿಟಕಿಯಿಂದ ತಿಂಡಿ ಕೊಡುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಸೋತು ಊರಿಗೆ ಬಂದು ಪರಿಚಿತರಿಗೇ ಕಿಟಕಿಯಿಂದ ಪೊಟ್ಟಣ ಚಾಚುವುದು ಹೇಗಿರುತ್ತದೆ ಎಂಬುದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿನ ಕೆಲಸ ಹೋಗಿ ಬಂದ ಹುಡುಗ ಬಸ್‌ಸ್ಟ್ಯಾಂಡಿನ ಕಡೆ ತಲೆ ಹಾಕದೆ ತೋಟದ ಹಿಂದಿನ ದಾರಿ ಹಿಡಿಯುವುದನ್ನು ನೋಡಿದ್ದೇವೆ. ಆಮೇಲೆ ಆಕೆ ಮತ್ತೆ ಹೋದಳು, ಡ್ಯಾನ್ ನೀಗ್ರೊ ಎಂಬ ನಿರ್ಮಾಪಕನ ಜೊತೆ ಆಲ್ಬಮ್ ಮುಗಿಸಿದಳು. ಬಂದಾಗ ಅಷ್ಟೇನೂ ಗದ್ದಲವಾಗಲಿಲ್ಲ. ಸುಮಾರು ಹನ್ನೊಂದು ತಿಂಗಳ ಮೇಲೆ, 2024ರ ಆಗಸ್ಟಿನಲ್ಲಿ, ಅದು ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು. 2025ರ ಫೆಬ್ರುವರಿಯಲ್ಲಿ ಹೊಸ ಕಲಾವಿದರಿಗೆ ಕೊಡುವ ಗ್ರ್ಯಾಮಿ ಪ್ರಶಸ್ತಿ ಬಂತು. ವೇದಿಕೆ ಹತ್ತಿದವಳು ದೇವರಿಗೆ, ತಾಯಿಗೆ ವಂದನೆ ಹೇಳಿ ಇಳಿಯಬಹುದಿತ್ತು. ಬದಲಿಗೆ ಕಂಪನಿಗಳು ಹೊಸ ಕಲಾವಿದರಿಗೆ ಬದುಕಲು ಸಾಕಾಗುವಷ್ಟು ಸಂಬಳ ಮತ್ತು ಆರೋಗ್ಯ ವಿಮೆ ಕೊಡಬೇಕು ಎಂದಳು. ನನಗೆ ಆಕೆಯ ಮೇಲೆ ಅಭಿಮಾನ ಹುಟ್ಟಿದ್ದು ಹಾಡಿನಿಂದಲ್ಲ, ಆ ಮಾತಿನಿಂದ.

ಇನ್ನು ‘ಕ್ವಿಯರ್’. ಗಂಡು ಹೆಣ್ಣನ್ನೇ, ಹೆಣ್ಣು ಗಂಡನ್ನೇ ಬಯಸಬೇಕು, ಹುಟ್ಟಿದಾಗ ಬರೆಸಿದ ಲಿಂಗದಲ್ಲೇ ಬಾಳಬೇಕು ಎಂಬ ರೂಢಿಯ ಆಚೆ ಇರುವವರು ತಮಗೆ ತಾವು ಇಟ್ಟುಕೊಂಡ ಹೆಸರು ಅದು. ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಬೈಗುಳವಾಗಿತ್ತು, ಬೈಸಿಕೊಂಡವರೇ ಅದನ್ನು ಎತ್ತಿಕೊಂಡು ತೊಳೆದು ತೊಟ್ಟುಕೊಂಡರು. ಕನ್ನಡ ಪತ್ರಿಕೆಗಳು ‘ಲೈಂಗಿಕ ಅಲ್ಪಸಂಖ್ಯಾತರು’ ಎಂದು ಬರೆಯುತ್ತವೆ. ಸರ್ಕಾರಿ ಸುತ್ತೋಲೆಯ ವಾಸನೆ ಇರುವ ಮಾತು, ಆದರೂ ನಡೆಯುತ್ತದೆ. ಚಾಪೆಲ್ ರೋನ್ ತಾನು ಲೆಸ್ಬಿಯನ್, ಅಂದರೆ ಹೆಣ್ಣನ್ನು ಪ್ರೀತಿಸುವ ಹೆಣ್ಣು ಎಂದು ಬಹಿರಂಗವಾಗಿ ಹೇಳಿಕೊಂಡವಳು.

ಹಾಗಾದರೆ ಹಾಡಿನಲ್ಲಿ ಅಂಥದ್ದೇನಿದೆ ಎಂದರೆ, ಒಂದು ಸರ್ವನಾಮ ಇದೆ. ನಮ್ಮ ಸಿನಿಮಾ ಹಾಡುಗಳಲ್ಲಿ ಗಾಯಕಿ ‘ಅವನು’ ಎನ್ನುತ್ತಾಳೆ, ಗಾಯಕ ‘ಅವಳು’ ಎನ್ನುತ್ತಾನೆ. ಇಬ್ಬರೂ ‘ನೀನು’ ಎಂದಾಗ ಮಾತ್ರ ಕನ್ನಡ ಯಾರ ಲಿಂಗವನ್ನೂ ಕೇಳುವುದಿಲ್ಲ. ಎಷ್ಟೋ ಜನ ಆ ‘ನೀನು’ವಿನೊಳಗೆ ತಮ್ಮ ಗುಟ್ಟನ್ನು ಬಚ್ಚಿಟ್ಟುಕೊಂಡೇ ಹಾಡು ಕೇಳಿ ಮುದುಕರಾಗಿದ್ದಾರೆ. ಇಲ್ಲಿ ಒಬ್ಬ ಹೆಣ್ಣು, ಪ್ರೀತಿಯ ಹಾಡಿನಲ್ಲಿ, ದನಿ ತಗ್ಗಿಸದೆ ‘ಅವಳು’ ಎನ್ನುತ್ತಾಳೆ. ಅಷ್ಟೇ. ಹೇಳಿದ ಮೇಲೆ ಅತ್ತು ಕರೆಯುವುದಿಲ್ಲ, ಸಮರ್ಥನೆಗೆ ನಿಲ್ಲುವುದಿಲ್ಲ, ತಾಳಕ್ಕೆ ಸರಿಯಾಗಿ ಮುಂದಿನ ಸಾಲಿಗೆ ಹೋಗುತ್ತಾಳೆ. ಹದಿನಾರರ ಕಿವಿಗೆ ಆ ನಿರಾಯಾಸವೇ ದೊಡ್ಡ ಸುದ್ದಿ.

ಏಕೆಂದರೆ ನಮ್ಮ ಕಪಾಟಿನಲ್ಲಿ ಈ ವಿಷಯಕ್ಕೆ ಏನಿದೆ ನೋಡಿ. ಗಂಡನ್ನು ಪ್ರೀತಿಸುವ ಗಂಡಿನ ಕತೆಗಳಾದ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು, ಕನ್ನಡ ಸಣ್ಣಕತೆಯಲ್ಲಿ ಅದೊಂದು ಧೈರ್ಯದ ಹೆಜ್ಜೆ. ಟ್ರಾನ್ಸ್ ಮಹಿಳೆ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’ ಆಗಿ ಬಂದಿದೆ, ರಂಗಕ್ಕೂ ಏರಿದೆ. ಎರಡೂ ಇರಲೇಬೇಕಾದ ಪುಸ್ತಕಗಳು. ಎರಡೂ ದೊಡ್ಡವರ ಪುಸ್ತಕಗಳು, ಪಿಯುಸಿ ಮುಗಿಸಿದವರು ಕೇಳಿದರೆ ಕೊಡುವಂಥವು. ಆದರೆ ಅವುಗಳಲ್ಲಿ ನೋವಿನ ಪಾಲು ಹೆಚ್ಚು, ಇರಲೇಬೇಕಿತ್ತು ಕೂಡ. ತನ್ನ ಬಗ್ಗೆ ಇನ್ನೂ ಏನೂ ಗೊತ್ತಿಲ್ಲದ ಒಂದು ಮಗು ಇವನ್ನಷ್ಟೇ ಓದಿದರೆ, ಮುಂದೆ ಕಾದಿರುವುದು ಏಟು, ಅವಮಾನ, ಮನೆಯಿಂದ ಹೊರದಬ್ಬುವಿಕೆ ಇಷ್ಟೇ ಎಂದುಕೊಳ್ಳುತ್ತದೆ. ಈ ಆಲ್ಬಮಿನಲ್ಲಿ ದುಃಖವಿಲ್ಲವೆಂದಲ್ಲ. ಜೊತೆಗೆ ಕುಣಿತ ಇದೆ, ತಮಾಷೆ ಇದೆ, ಗುಲಾಬಿ ಬಣ್ಣದ ಟೋಪಿ ಇದೆ. ಸುಖವಾಗಿರುವ ಉದಾಹರಣೆ ಬೇಕಾಗಿತ್ತು ಮಕ್ಕಳಿಗೆ. ನಾವು ಕೊಡಲಿಲ್ಲ, ಮಿಸೌರಿಯಿಂದ ತರಿಸಿಕೊಂಡರು.

ಆದರೂ ನಿಮ್ಮ ಏಳು ಮಕ್ಕಳನ್ನು ಹಿಡಿದು ಕೂರಿಸಿರುವುದು ಇದೊಂದೇ ಎಂದು ನಾನು ನಂಬುವುದಿಲ್ಲ. ಮಲೆನಾಡಿನ ಮಗುವಿಗೆ ಈ ಆಲ್ಬಮ್ ಇನ್ನೊಂದು ದಾರಿಯಿಂದ ಒಳಗೆ ಬರುತ್ತದೆ. ‘ಪಿಂಕ್ ಪೋನಿ ಕ್ಲಬ್’ ಹಾಡಿನ ಹುಡುಗಿ ಊರು ಬಿಟ್ಟು ದೂರದ ಮಹಾನಗರದ ಕ್ಲಬ್ಬಿನಲ್ಲಿ ಕುಣಿಯಲು ಹೋಗುತ್ತಾಳೆ, ತಾಯಿಯ ಗೋಳು ಅವಳ ಕಿವಿಯಲ್ಲೇ ಇರುತ್ತದೆ, ಅವಳು ತಾಯಿಯನ್ನು ದ್ವೇಷಿಸುವುದಿಲ್ಲ, ಕುಣಿಯುವುದನ್ನೂ ಬಿಡುವುದಿಲ್ಲ. ಅದಕ್ಕೆ ತಿರುಗುಮುರುಗಾಗಿ ‘ಕ್ಯಾಲಿಫೋರ್ನಿಯಾ’ ಎಂಬ ಹಾಡಿದೆ. ಅಲ್ಲಿ ಅವಳು ಸೋತಿದ್ದಾಳೆ, ಎಲೆ ಕಂದು ಬಣ್ಣಕ್ಕೆ ತಿರುಗುವ ತನ್ನೂರಿನ ಋತುಗಳು ನೆನಪಾಗುತ್ತವೆ, ಕ್ಯಾಲಿಫೋರ್ನಿಯಾದಲ್ಲಿ ಋತುವೇ ಇಲ್ಲ. ನಮ್ಮ ತಂಗಿಯ ಮೊಮ್ಮಗಳು ಬೆಂಗಳೂರಿನ ಪಿ.ಜಿ.ಯಿಂದ ಜೂನ್ ತಿಂಗಳಲ್ಲಿ ಫೋನು ಮಾಡಿದರೆ ಮೊದಲು ಕೇಳುವುದು ನನ್ನ ಮಂಡಿನೋವನ್ನಲ್ಲ. ‘ದೊಡ್ಡಜ್ಜಿ, ಅಲ್ಲಿ ಮಳೆ ಹಿಡಿಯಿತಾ?’ ಎನ್ನುತ್ತಾಳೆ. ಫೋನನ್ನು ಹಂಚಿನ ಮಾಡಿನ ಕಡೆ ಹಿಡಿ ಎನ್ನುತ್ತಾಳೆ. ಹಿಡಿಯುತ್ತೇನೆ. ಎರಡು ನಿಮಿಷ ಇಬ್ಬರೂ ಮಾತಾಡುವುದಿಲ್ಲ. ಆ ಹಾಡು ಅವಳಿಗೆ ಏಕೆ ಇಷ್ಟ ಎಂದು ನಾನು ಕೇಳಬೇಕಾಗಿಯೇ ಬರಲಿಲ್ಲ.

ನಿಮ್ಮ ಕೇಂದ್ರಕ್ಕೆ ಬರುವ ಮಕ್ಕಳೆಲ್ಲ ಎರಡು ಮೂರು ವರ್ಷದಲ್ಲಿ ಚಿಕ್ಕಮಗಳೂರು, ಮಂಗಳೂರು, ಬೆಂಗಳೂರು ಎಂದು ಚದುರುವವರು. ಹೋಗಬೇಕು ಎಂಬ ಆಸೆ, ಹೋದರೆ ಇದೆಲ್ಲ ಹೋಯಿತಲ್ಲ ಎಂಬ ಸಂಕಟ, ಎರಡೂ ಈಗಲೇ ಒಳಗೆ ಕುದಿಯುತ್ತಿರುತ್ತವೆ. ಏಳರಲ್ಲಿ ಎಷ್ಟು ಮಂದಿ ಅದಕ್ಕಾಗಿ ಕೇಳುತ್ತಾರೆ, ಎಷ್ಟು ಮಂದಿ ಆ ‘ಅವಳು’ವಿಗಾಗಿ ಕೇಳುತ್ತಾರೆ, ಎಷ್ಟು ಮಂದಿ ಗೆಳತಿ ಕೇಳುತ್ತಾಳೆಂದು ಕೇಳುತ್ತಾರೆ? ನನಗೆ ಗೊತ್ತಿಲ್ಲ, ನಿಮಗೂ ಗೊತ್ತಾಗಬೇಕಾಗಿಲ್ಲ.

‘ಕಾಫಿ’ ಎಂಬ ಹೆಸರಿನ ಹಾಡೂ ಒಂದಿದೆ, ಕಾಫಿ ಸೀಮೆಯವರಾದ ನಾವು ಅದನ್ನು ಬಿಡುವ ಹಾಗಿಲ್ಲ. ಹಳೆಯ ಪ್ರೇಮಿಯನ್ನು ಭೇಟಿ ಮಾಡಬೇಕು, ಆದರೆ ಮದ್ಯದ ಜಾಗ ಬೇಡ, ಹಳೆಯ ನೆನಪಿನ ಜಾಗವೂ ಬೇಡ, ಅಲ್ಲೆಲ್ಲ ಮನಸ್ಸು ಜಾರುತ್ತದೆ. ಬರೀ ಕಾಫಿಗೆ ಸಿಗೋಣ, ಅದೊಂದೇ ಅಪಾಯವಿಲ್ಲದ್ದು ಎಂಬುದು ಅದರ ತಿರುಳು. ಮಗಳ ಮದುವೆ ಮಾತುಕತೆಯಿಂದ ಬೇಲಿ ಜಗಳದ ರಾಜಿಯವರೆಗೆ ಎಲ್ಲವನ್ನೂ ‘ಒಂದು ಕಾಫಿ ಕುಡಿದು ಹೋಗಿ’ ಎಂದು ಮುಗಿಸುವ ಜಿಲ್ಲೆಯಲ್ಲಿ ಈ ಹಾಡಿಗೆ ಟಿಪ್ಪಣಿ ಬೇಡ. ಆಲ್ಬಮಿನಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಇದೇ. ಗೆಳೆತನ ನಿಧಾನವಾಗಿ ಬೇರೆ ಬಣ್ಣಕ್ಕೆ ತಿರುಗುವ ‘ಕೆಲೈಡೊಸ್ಕೋಪ್’ ಅದರ ಪಕ್ಕದಲ್ಲಿ ನಿಲ್ಲುತ್ತದೆ. ಗದ್ದಲದ ಹಾಡುಗಳಲ್ಲಿ ಕೆಲವು ನನಗೆ ಇವತ್ತಿಗೂ ಗದ್ದಲವೇ.

ಮಕ್ಕಳು ಕೈ ಎತ್ತುವ ಹಾಡು ‘ಹಾಟ್ ಟು ಗೋ’ (HOT TO GO). ಆ ಏಳು ಅಕ್ಷರಗಳನ್ನು ಪ್ರೇಕ್ಷಕರೆಲ್ಲ ತೋಳಿನಲ್ಲೇ ಬರೆಯುವಂತೆ ಅದನ್ನು ಕಟ್ಟಿದ್ದಾರೆ. ಶಾಲೆಯ ಪಂದ್ಯಗಳಲ್ಲಿ ಹುರಿದುಂಬಿಸುವ ಹುಡುಗಿಯರ ತಂಡ ಅಲ್ಲಿ ಇರುತ್ತದಲ್ಲ, ಅದರಿಂದ ಎತ್ತಿಕೊಂಡದ್ದು. ಲಕ್ಷ ಜನ ಕೂಗುತ್ತ ಮಾಡುವುದನ್ನು ನಿಮ್ಮ ಮಕ್ಕಳು ‘ನಿಶ್ಶಬ್ದ’ ಎಂಬ ಫಲಕದ ಕೆಳಗೆ ಬಾಯಿ ಮುಚ್ಚಿಕೊಂಡು ಮಾಡುತ್ತಿದ್ದಾರೆ. ಗ್ರಂಥಾಲಯದ ಶಿಸ್ತಿಗೆ ಇದಕ್ಕಿಂತ ಹೆಚ್ಚಿನ ಗೌರವವನ್ನು ನನ್ನ ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ.

ವೇಷದ ವಿಷಯವನ್ನೂ ಪೋಷಕರು ಎತ್ತಬಹುದು, ಚಿತ್ರಗಳು ಹಾಗಿವೆ. ಮುಖಕ್ಕೆ ಸುಣ್ಣದಂತೆ ಬಿಳಿ, ಹುಬ್ಬು ಹಣೆಯ ಅರ್ಧಕ್ಕೆ. 2024ರಲ್ಲಿ ನ್ಯೂಯಾರ್ಕಿನ ಒಂದು ಉತ್ಸವದಲ್ಲಿ ಮೈಯೆಲ್ಲ ಹಸಿರು ಬಳಿದುಕೊಂಡು ಸ್ವಾತಂತ್ರ್ಯ ದೇವಿಯ ಪ್ರತಿಮೆಯಾಗಿ ಬಂದಿದ್ದಳು. ಇದು ಡ್ರ್ಯಾಗ್ ಎಂಬ ಕಲೆಯಿಂದ ಬಂದದ್ದು. ಮುಖ್ಯವಾಗಿ ಗಂಡಸರು ಹೆಣ್ಣುವೇಷವನ್ನು ಉದ್ದೇಶಪೂರ್ವಕವಾಗಿ ಅತಿಯಾಗಿಸಿ ತೊಟ್ಟು ಆಡುವ ರಂಗಕಲೆ. ತನ್ನ ವೇದಿಕೆಯ ರೂಪವೂ ಒಂದು ಡ್ರ್ಯಾಗ್ ಪಾತ್ರವೇ ಎನ್ನುತ್ತಾಳೆ ಆಕೆ; ಹೋದ ಊರುಗಳಲ್ಲಿ ಅಲ್ಲಲ್ಲಿನ ಡ್ರ್ಯಾಗ್ ಕಲಾವಿದರಿಗೇ ಮೊದಲ ಅವಕಾಶ ಕೊಟ್ಟಿದ್ದಾಳೆ. ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನ ಮೇಳ ಬಂದಾಗ ಬಣ್ಣ ಹಚ್ಚುವ ಚೌಕಿಗೆ ಇಣುಕಿ ನೋಡಿದವರಿಗೆ ಇದರಲ್ಲಿ ಗಾಬರಿಯಾಗುವಂಥದ್ದು ಇಲ್ಲ. ಬೀಡಿ ಸೇದುತ್ತ ಕುಳಿತ ಗಂಡಸು ಕನ್ನಡಿಯ ಮುಂದೆ ಒಂದು ಗಂಟೆ ಬಣ್ಣ ಹಚ್ಚಿ ದ್ರೌಪದಿಯಾಗಿ ಏಳುತ್ತಿದ್ದ, ಬೆಳಗಿನವರೆಗೆ ಊರೇ ಅವನೊಡನೆ ಅಳುತ್ತಿತ್ತು. ಸ್ತ್ರೀವೇಷವೂ ಡ್ರ್ಯಾಗೂ ಒಂದೇ ಎನ್ನುತ್ತಿಲ್ಲ. ಸ್ತ್ರೀವೇಷಧಾರಿ ಹೆಣ್ಣೆಂದು ನಂಬಿಸಬೇಕು, ಡ್ರ್ಯಾಗ್ ಕಲಾವಿದ ವೇಷವನ್ನು ವೇಷವೆಂದೇ ಮೆರೆಸಬೇಕು. ಆದರೆ ಬಣ್ಣ ಹಚ್ಚಿದವನನ್ನು ಗೌರವದಿಂದ ನೋಡುವುದು ನಮಗೆ ಹೊಸದಲ್ಲ. ಟ್ರಾನ್ಸ್ ಮಹಿಳೆಯಾದ, ಜೋಗತಿ ಕಲೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು ಎಂಬುದೂ ಆ ಪೋಷಕರಿಗೆ ನೆನಪಿರಬಹುದು. (ಬೇಲೂರಿನ ಶಿಲ್ಪಗಳನ್ನು ತೋರಿಸಿ ವಾದ ಗೆಲ್ಲಲು ಹೋಗಬೇಡಿ. ಕಲ್ಲಿನ ಮೂರ್ತಿಯ ಹೆಸರು ಹೇಳಿದರೆ ಯಾವ ತಂದೆಯೂ ಮೆತ್ತಗಾಗುವುದಿಲ್ಲ.)

ಈಗ ನಿಲ್ಲಿಸಬೇಕೆ ಎಂಬ ಪ್ರಶ್ನೆ. ಇಲ್ಲಿ ಪೋಷಕರ ಕಡೆಗೂ ಒಂದು ನ್ಯಾಯವಿದೆ, ಅದನ್ನು ಮುಚ್ಚಿಡಬಾರದು. ಆಲ್ಬಮಿನ ಹಲವು ಹಾಡುಗಳಲ್ಲಿ ಲೈಂಗಿಕ ಮಾತು ನೇರವಾಗಿಯೇ ಬರುತ್ತದೆ. ‘ಕ್ಯಾಶುಯಲ್’, ‘ರೆಡ್ ವೈನ್ ಸೂಪರ್‌ನೋವಾ’, ‘ಪಿಕ್ಚರ್ ಯು’ ದೊಡ್ಡವರ ಹಾಡುಗಳು. ಗಂಡು ಹೆಣ್ಣಿನ ಪ್ರೇಮದ ಹಾಡಿನಲ್ಲಿ ಅಷ್ಟೇ ಬಿಚ್ಚು ಮಾತಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಅಳತೆಗೋಲು ಒಂದೇ ಇರಲಿ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಆರು ವರ್ಷದ ಮಗುವಿನಿಂದ ಐಟಂ ಸಾಂಗಿಗೆ ಸೊಂಟ ಕುಣಿಸಿ ಚಪ್ಪಾಳೆ ಹೊಡೆಯುವವರು ಇಲ್ಲಿಗೆ ಬಂದು ಸಂಸ್ಕೃತಿ ಎಂದರೆ ನನಗೆ ನಗು ಬರುತ್ತದೆ. ಹಾಗಾಗಿ ಸ್ಪೀಕರಿನಲ್ಲಿ ಹಾಕುವುದು ಬೇಡ, ಅದೇ ಕೋಣೆಯಲ್ಲಿ ಐದನೇ ತರಗತಿಯ ಮಕ್ಕಳೂ ಇರುತ್ತಾರೆ. ಇಯರ್‌ಫೋನ್ ಇರಲಿ, ಇತರ ಮಕ್ಕಳಿಗೆ ಕೊಡುವಷ್ಟೇ ಸಮಯ ಇವರಿಗೂ ಇರಲಿ. ಎಲ್ಲರೂ ಕೂತು ಕೇಳುವ ಕಾರ್ಯಕ್ರಮ ಮಾಡುವ ಹುಮ್ಮಸ್ಸು ಎಂದಾದರೂ ಬಂದರೆ ‘ಕಾಫಿ’, ‘ಕ್ಯಾಲಿಫೋರ್ನಿಯಾ’ ಆರಿಸಿಕೊಳ್ಳಿ, ಮಕ್ಕಳಿಂದಲೇ ಕನ್ನಡಕ್ಕೆ ಸಾರಾಂಶ ಬರೆಸಿ.

ಪೋಷಕರಿಗೆ ಸುಳ್ಳು ಹೇಳಬೇಡಿ. ‘ಇಂಗ್ಲಿಷ್ ಕಲಿಯಲಿ ಎಂದು ಬಿಟ್ಟಿದ್ದೇನೆ’ ಎಂಬ ಜಾಣತನ ಎರಡು ವಾರ ನಡೆದೀತು. ಇರುವುದನ್ನು ಹೇಳಿ: ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಹಾಡು ಕೇಳಿ ಯಾರ ಒಲವೂ ಬದಲಾಗುವುದಿಲ್ಲ. ಬದಲಾಗುವ ಹಾಗಿದ್ದರೆ ಇಷ್ಟು ವರ್ಷ ಗಂಡು ಹೆಣ್ಣಿನ ಯುಗಳಗೀತೆಗಳನ್ನೇ ಕೇಳಿ ಬೆಳೆದ ಆ ಗಾಯಕಿಯೇ ಬದಲಾಗಬೇಕಿತ್ತು. ಆ ಪೋಷಕರು ತಮ್ಮ ಮಗಳು ಕೇಳುವುದು ಬೇಡ ಎಂದರೆ ಅದು ಅವರ ಮನೆಯ ಮಾತು, ಮಗಳೊಡನೆ ಆಡಿಕೊಳ್ಳಲಿ. ಉಳಿದ ಆರು ಮಕ್ಕಳ ಮೇಲೆ ಅವರ ಅಧಿಕಾರವಿಲ್ಲ. ‘ನಮ್ಮ ಮಗಳೂ ಕೇಳುತ್ತಿದ್ದಾಳಾ?’ ಎಂದು ಪಿಸುಮಾತಿನಲ್ಲಿ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಯಾರು ಏನು ಓದುತ್ತಾರೆ, ಏನು ಕೇಳುತ್ತಾರೆ ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ, ನಿಮ್ಮದನ್ನೂ ಹೇಳುವುದಿಲ್ಲ ಎನ್ನಿ.

ಏಕೆ ವಿಚಾರಿಸಬಾರದು ಎಂದೆ, ಅದಕ್ಕೊಂದು ಹಳೆಯ ಕತೆ ಇದೆ. ತೊಂಬತ್ತರ ದಶಕದಲ್ಲಿ ನಮ್ಮ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು, ಸಮಾಜಶಾಸ್ತ್ರದ ಸಾಲಿನದು, ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ 306.76, ಅಂದರೆ ಇದೇ ವಿಷಯದ್ದು. ಅದು ವಾರಕ್ಕೊಮ್ಮೆ ತನ್ನ ಜಾಗದಿಂದ ಮಾಯವಾಗಿ 630ರ ಕೃಷಿಯ ಕಪಾಟಿನಲ್ಲಿ, ಆಲೂಗೆಡ್ಡೆ ಬೇಸಾಯದ ಎರಡು ಕೈಪಿಡಿಗಳ ನಡುವೆ, ಬೆನ್ನು ಗೋಡೆಗೆ ತಿರುಗಿಸಿಕೊಂಡು ಕೂತಿರುತ್ತಿತ್ತು. ನಾನು ಗೊಣಗುತ್ತ ಹುಡುಕಿ ತಂದು ಸ್ವಸ್ಥಾನದಲ್ಲಿ ಇಡುತ್ತಿದ್ದೆ. ಅಟೆಂಡರನ್ನು ಎರಡು ಸಲ ಬೈದೆ. ಆರೇಳು ಸಲ ಹೀಗಾದ ಮೇಲೆ ನನ್ನ ಮಂದ ಬುದ್ಧಿಗೆ ಹೊಳೆಯಿತು: ಯಾರೋ ಅದನ್ನು ಓದುತ್ತಿದ್ದಾರೆ, ಮನೆಗೆ ಒಯ್ಯಲಾರರು, ಏಕೆಂದರೆ ಒಯ್ಯಬೇಕಾದರೆ ಕೌಂಟರಿನ ಉದ್ದನೆಯ ರಿಜಿಸ್ಟರಿನಲ್ಲಿ ಹೆಸರು, ರೋಲ್ ನಂಬರು, ಪುಸ್ತಕದ ಹೆಸರು ಬರೆದು ಸಹಿ ಹಾಕಬೇಕು, ಹಿಂದೆ ನಿಂತವರೆಲ್ಲ ಓದಬಹುದು. ಸಮಾಜಶಾಸ್ತ್ರದ ಸಾಲಿನ ಮುಂದೆ ನಿಂತರೂ ಕಣ್ಣಿಗೆ ಬೀಳುತ್ತಾರೆ. ಆಲೂಗೆಡ್ಡೆಯ ಮುಂದೆ ನಿಂತವರನ್ನು ಹಾಸನದಲ್ಲಿ ಯಾರು ಸಂಶಯಿಸುತ್ತಾರೆ? ಅಲ್ಲಿಂದಾಚೆ ನಾನು ಆ ಪುಸ್ತಕವನ್ನು ವಾಪಸು ತರಲಿಲ್ಲ. ವರ್ಷದ ಸ್ಟಾಕ್ ತಪಾಸಣೆಯ ದಿನ ಮಾತ್ರ 306ಕ್ಕೆ ತಂದು, ಮರುದಿನ ನಾನೇ ಆಲೂಗೆಡ್ಡೆಯ ನಡುವೆ ಇಟ್ಟು ಬಂದೆ. ಓದುತ್ತಿದ್ದವರು ಹುಡುಗನೋ ಹುಡುಗಿಯೋ ಇವತ್ತಿಗೂ ಗೊತ್ತಿಲ್ಲ. ಒಂದು ದಿನ ಮಾತ್ರ ಪುಸ್ತಕದೊಳಗೆ ಬಸ್ ಟಿಕೆಟಿನ ಗುರುತು ಕಂಡಿತು, ಅರಸೀಕೆರೆಯಿಂದ ಹಾಸನಕ್ಕೆ.

‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎಂದು ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಸೂತ್ರವನ್ನು ನಿಮಗೂ ತರಬೇತಿಯಲ್ಲಿ ಹೇಳಿರುತ್ತಾರೆ. ಓದುಗ ಯಾರೆಂದು ನಮಗೆ ಗೊತ್ತಿರಬೇಕು ಎಂದು ಅವರು ಎಲ್ಲಿಯೂ ಸೇರಿಸಲಿಲ್ಲ.

ನೀವು ಕರೆದು ಕೇಳಿದರೆ ಆಗುವುದು ಇಷ್ಟು. ಏಳೂ ಮಕ್ಕಳು ‘ಸುಮ್ಮನೆ ಕೇಳುತ್ತೇವೆ ಮೇಡಂ’ ಎನ್ನುತ್ತಾರೆ, ಮರುದಿನದಿಂದ ನಾಲ್ಕು ಮಂದಿ ಬರುವುದಿಲ್ಲ. ಬಾರದ ನಾಲ್ವರಲ್ಲಿ ನಿಮ್ಮ ಕೋಣೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದ ಮಗು ಇರುತ್ತದೆ.

ಆದರೆ ಯಾರಾದರೂ ತಾವಾಗಿಯೇ ಬಂದು ಹೇಳಿದರೆ? ಬೀಗ ಹಾಕುವ ಹೊತ್ತಿಗೆ, ಬ್ಯಾಗಿನ ಜಿಪ್ಪು ಎಳೆಯುತ್ತ, ನಿಮ್ಮ ಮುಖ ನೋಡದೆ ಹೇಳುತ್ತಾರೆ, ಸಾಮಾನ್ಯವಾಗಿ ಹಾಗೆಯೇ. ಬೀಗವನ್ನು ಪಕ್ಕಕ್ಕಿಟ್ಟು ಕೇಳಿಸಿಕೊಳ್ಳಿ. ಬುದ್ಧಿ ಹೇಳಬೇಡಿ, ‘ಈ ವಯಸ್ಸಿನಲ್ಲಿ ಹೀಗೆಲ್ಲ ಅನ್ನಿಸುತ್ತದೆ’ ಎಂದು ಹಾರಿಸಬೇಡಿ, ಮನೆಗೆ ಅಥವಾ ಶಾಲೆಗೆ ಸುದ್ದಿ ಮುಟ್ಟಿಸಬೇಡಿ. ಸಾಯುವ ಮಾತೋ, ಮನೆಯಲ್ಲಿ ಹೊಡೆತದ ಮಾತೋ ಬಂದರೆ ಮಾತ್ರ ಸುಮ್ಮನಿರುವ ಹಾಗಿಲ್ಲ: ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮನಸ್ 14416, ಎರಡೂ ಉಚಿತ. ಈ ಎರಡು ಸಂಖ್ಯೆಗಳನ್ನು ಯಾರೂ ಕೇಳುವ ಮೊದಲೇ ನೋಟಿಸ್ ಬೋರ್ಡಿನಲ್ಲಿ, ಪಡಿತರದ ಪ್ರಕಟಣೆಯ ಪಕ್ಕ ಅಂಟಿಸಿಬಿಡಿ. ‘ಸರಿ ಮಾಡಿಸುತ್ತೇವೆ’ ಎಂದು ಮಗುವನ್ನು ಯಾವುದೋ ವೈದ್ಯರ ಬಳಿ ಎಳೆದೊಯ್ಯುವ ಮಾತು ಕಿವಿಗೆ ಬಿದ್ದರೆ, ಒಲವನ್ನು ಬದಲಿಸುತ್ತೇವೆನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ ಎಂಬುದನ್ನು ಮನೆಯವರಿಗೆ ಯಾರಾದರೂ ಹೇಳಬೇಕು.

ಉಳಿದದ್ದು ಕೈಗೆಲಸ. ಕಂಪ್ಯೂಟರಿನ ಪರದೆ ಬಾಗಿಲಿಗೆ ಎದುರಾಗಿದ್ದರೆ ಗೋಡೆಯ ಕಡೆ ತಿರುಗಿಸಿ. ನೋಡಿದ ಪುಟಗಳ ಪಟ್ಟಿಯನ್ನು ಪ್ರತಿ ಸಂಜೆ ಅಳಿಸಿ, ಎಲ್ಲರದನ್ನೂ, ಪಹಣಿ ನೋಡಲು ಬಂದ ಗೌಡರದನ್ನೂ ಸೇರಿಸಿ. ಒಂದು ತೂತಿಗೆ ಎರಡು ಇಯರ್‌ಫೋನ್ ಸಿಕ್ಕಿಸುವ ಚಿಕ್ಕ ವೈರು ಮೂಡಿಗೆರೆಯ ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ, ತಂದಿಡಿ; ಒಬ್ಬರ ಕಿವಿಯದನ್ನು ಇನ್ನೊಬ್ಬರು ಹಾಕಿಕೊಂಡರೆ ಮಳೆಗಾಲದಲ್ಲಿ ಕಿವಿ ಸೋರಬಹುದು. ಅವರು ಹೋದ ಮೇಲೆ, ಐದು ಗಂಟೆಯ ಬಸ್ಸು ತಿರುವು ದಾಟಿದ ಮೇಲೆ, ನೀವೂ ಒಂದು ಸಲ ಹಾಕಿ ಕೇಳಿ. ಮೊದಲ ಹಾಡಿನಿಂದ ಶುರು ಮಾಡಬೇಡಿ, ನನ್ನ ಹಾಗೆ ತಲೆ ಹಿಡಿದುಕೊಂಡು ಕೂರುತ್ತೀರಿ. ನಾಲ್ಕನೆಯದು ‘ಕಾಫಿ’.